ಅವ್ವ ಎಚ್ಚರಾದ ವರ್ಷ

ನನ್ನ ಅವ್ವನ ಕೈ ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಗಜೇಂದ್ರಗಡದ ಬಿಸಿಲಿಗೆ ಅಂಗಳದ ಹಾಸುಗಲ್ಲು ಕಾದು ಬರಿಗಾಲಲ್ಲಿ ನಿಲ್ಲಲಾಗದ ದಿನಗಳಲ್ಲಿ, ನಾನು ಸಾಲಿಯಿಂದ ಬಂದವಳೇ ಪಡಸಾಲೆಯ ಮೂಲೆಗೆ ಓಡಿ, ಕೌದಿ ಹೊದ್ದು ಮಲಗಿದ ಅವ್ವನ ಅಂಗೈಯನ್ನು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದೆ. ಅವಳು ಕಣ್ಣು ಅರ್ಧ ತೆರೆದು, "ಬಂದಿ ಏನವ್ವಾ?" ಎನ್ನುತ್ತಿದ್ದಳು. ಆ ಮಾತು ಎಲ್ಲೋ ಭಾಳ ದೂರದಿಂದ ನಡೆದುಕೊಂಡು ಬಂದ ಹಾಗಿರುತ್ತಿತ್ತು. ನಾನು ಹೂಂ ಎನ್ನುವಷ್ಟರಲ್ಲಿ ಮತ್ತೆ ನಿದ್ದೆಗೆ ಇಳಿದಿರುತ್ತಿದ್ದಳು.

ಅವ್ವಂದಿರು ಅಂದರೆ ಹೀಗೇ ಇರುತ್ತಾರೆ ಅಂದುಕೊಂಡಿದ್ದೆ. ಬಿಳಿಚಿದ ನುಣುಪು ಮುಖ, ತುದಿಗೆ ಉದುರಿಹೋದ ಹುಬ್ಬು, ಎಂದೂ ಬೆವರದ ಮೈ. ಅವಳು ಕತೆ ಹೇಳಲು ಶುರು ಮಾಡಿದರೆ ರಾಜನ ಮಗಳು ಬಾವಿಯ ಹತ್ತಿರ ಬರುವುದರೊಳಗೆ ಕಣ್ಣು ಮುಚ್ಚಿಬಿಡುತ್ತಿದ್ದಳು. ಮುಂದಿನದನ್ನು ನಾನೇ ಕಟ್ಟಿಕೊಂಡು, ಅವಳ ಪಕ್ಕ ಮಲಗಿ, ಗುಡ್ಡದ ಮೇಲಿನ ಗಾಳಿಯಂತ್ರಗಳ ರೆಕ್ಕೆ ತಿರುಗುವುದನ್ನು ಕಿಟಕಿಯಲ್ಲಿ ನೋಡುತ್ತಿದ್ದೆ. ನೋಡುತ್ತ ನೋಡುತ್ತ ನನಗೂ ನಿದ್ದೆ ಬರುತ್ತಿತ್ತು. ನನ್ನ ಬಾಲ್ಯದ ಮಧ್ಯಾಹ್ನಗಳೆಲ್ಲ ಹೀಗೆ ಕಳೆದವು.

ಅಡಿಗೆಮನೆ ನಡೆಸುತ್ತಿದ್ದವಳು ಆಯಿ, ಅಪ್ಪನ ತಾಯಿ. ಅಪ್ಪನಿಗೆ ಪೇಟೆಯಲ್ಲಿ ಅರಿವೆ ಅಂಗಡಿ. ಅವ್ವನ ಬಗ್ಗೆ ಯಾರಾದರೂ ಕೇಳಿದರೆ ಆಯಿಯ ಉತ್ತರ ಒಂದೇ: "ಈ ಕೂಸಿನ್ನ ಹಡಿಯೂ ಮುಂದ ರಗತ ಭಾಳ ಹೋತ್ರಿ. ಜೀವ ಉಳದದ್ದ ದೊಡ್ಡದು." ಅವ್ವನಿಗೆ ಎದೆಹಾಲು ಬರಲೇ ಇಲ್ಲವಂತೆ. ಓಣಿಯ ಬಾಣಂತಿಯೊಬ್ಬಳು ಕೆಲವು ದಿನ ನನಗೆ ಕುಡಿಸಿದಳು, ಆಮೇಲೆ ಆಕಳ ಹಾಲು. ಅವ್ವನ ಮುಟ್ಟೂ ಅಂದಿನಿಂದಲೇ ನಿಂತಿತ್ತು. ಆಯಿಗೆ ಅದು ಗೊತ್ತಿತ್ತು, ಆದರೆ ಗಂಡಸು ಡಾಕ್ಟರ ಮುಂದೆ ಅವಳ ಬಾಯಿಂದ ಆ ಮಾತು ಹೊರಡುತ್ತಿರಲಿಲ್ಲ. ಅವರೂ ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಕಡಿಮೆ ಅಂತ ಟಾನಿಕ್ ಬರೆದು ಕಳಿಸುತ್ತಿದ್ದರು.

ನಾನು ಪಿಯುಸಿ ಎರಡನೇ ವರ್ಷದಲ್ಲಿದ್ದಾಗ, ಎಳ್ಳ ಅಮಾಸಿಗೆ ನಾನೂ ಅವ್ವನೂ ಅವಳ ತವರು ಯಾವಗಲ್ಲಿಗೆ ಹೋಗಿದ್ದೆವು. ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಕಡಲೆ ಗಿಡಗಳ ನಡುವೆ ಎಲ್ಲರೂ ಕೂತು ಉಂಡೆವು. ಮರುದಿನ ಅವ್ವನಿಗೆ ವಾಂತಿ ಹತ್ತಿತು. ಅದರ ಮರುದಿನ ಬೆಳಿಗ್ಗೆ ಅವಳನ್ನು ಎಬ್ಬಿಸಿದರೆ ಏಳಲಿಲ್ಲ. ನನಗೆ ಮೊದಲು ಗಾಬರಿಯಾಗಲಿಲ್ಲ. ಅವಳ ನಿದ್ದೆ ನನಗೆ ಹೊಸದಲ್ಲವಲ್ಲ. ಆದರೆ ಮಾವ, ಅವ್ವನ ತಮ್ಮ, ಅವಳ ಭುಜ ಹಿಡಿದು "ಅಕ್ಕಾ, ಏ ಅಕ್ಕಾ" ಅಂತ ಅಲುಗಾಡಿಸಿದಾಗ ಅವಳ ತಲೆ ಒಂದು ಕಡೆ ವಾಲಿತು.

ಆ ಹೊತ್ತಿಗೆ ಬಸ್ಸಿರಲಿಲ್ಲ. ಮಾವ ಟ್ರ್ಯಾಕ್ಟರ್ ಹೂಡಿದ. ಟ್ರೇಲರಿನಲ್ಲಿ ಒಣಗಿದ ಜೋಳದ ಕಣಿಕೆ ಹಾಸಿ, ಮೇಲೆ ಜಮಖಾನ ಹಾಕಿ ಅವ್ವನನ್ನು ಮಲಗಿಸಿದೆವು. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಎರಡೂ ಕಡೆ ಕರಿ ಎರೆಮಣ್ಣು, ಮಂಜಿನಲ್ಲಿ ನಿಂತ ಜೋಳ. ಟ್ರ್ಯಾಕ್ಟರಿನ ಸದ್ದಿನಲ್ಲಿ ಬೇರೇನೂ ಕೇಳುತ್ತಿರಲಿಲ್ಲ. ಮಂಜಿನೊಳಗಿಂದ ನರಗುಂದದ ಗುಡ್ಡ ಮೆಲ್ಲಗೆ ಎದ್ದು ಬಂತು. ಎಷ್ಟು ಹೋದರೂ ಅದು ಅಷ್ಟೇ ದೂರದಲ್ಲಿದೆ ಅನಿಸುತ್ತಿತ್ತು. ಆಗ ಮಾತ್ರ ನನಗೆ ಅಳು ಬಂತು.

ನರಗುಂದದ ದವಾಖಾನಿಯಲ್ಲಿ ನೋಡಿದರೆ ಅವ್ವನ ರಕ್ತದಲ್ಲಿ ಸಕ್ಕರೆ ಇಳಿದುಹೋಗಿತ್ತು. ಗ್ಲೂಕೋಸ್ ಏರಿಸಿದ ಮೇಲೆ ಕಣ್ಣು ತೆರೆದಳು. ಅಲ್ಲಿದ್ದ ಡಾಕ್ಟರಬಾಯಿ ಅವ್ವನ ಮುಖ, ಹುಬ್ಬು, ಕೂದಲೇ ಇಲ್ಲದ ತೋಳು ಒಂದೊಂದಾಗಿ ನೋಡಿದರು. ಆಮೇಲೆ ಮಂಚದ ಅಂಚಿಗೆ ಕೂತು ಕೇಳಿದರು:

"ಈ ಹುಡುಗಿ ಒಬ್ಬಾಕಿನ ಏನ್ರಿ ನಿಮಗ?"

"ಹೌದ್ರಿ."

"ಇಕಿ ಹುಟ್ಟೂ ಮುಂದ ರಗತ ಭಾಳ ಹೋಗಿತ್ತೇನು?"

"ಹೌದ್ರಿ. ನನಗ ಎಚ್ಚರಾನ ಇರಲಿಲ್ರಿ."

"ಹಾಲು ಬಂದಿದ್ವು?"

"ಇಲ್ರಿ."

"ಆಮ್ಯಾಲೆ ಮುಟ್ಟ ಆಗೀರಿ?"

ಅವ್ವ ಮಾವನ ಕಡೆ ನೋಡಿದಳು. ಮಾವ ತಾನಾಗಿಯೇ ಹೊರಗೆ ಹೋದ. "ಒಮ್ಮಿನೂ ಇಲ್ರಿ," ಅಂದಳು ಅವ್ವ. ಆಮೇಲೆ, "ಯಾರೂ ಕೇಳಿರಲಿಲ್ರಿ," ಅಂದಳು.

ಡಾಕ್ಟರಬಾಯಿ ನನಗೂ ತಿಳಿಯುವ ಹಾಗೆ ಹೇಳಿದರು. "ಮೆದುಳಿನ ಬುಡಕ ಕಡ್ಲಿಕಾಳಿನಷ್ಟ ಒಂದು ಗ್ರಂಥಿ ಐತಿ, ಪಿಟ್ಯುಟರಿ ಅಂತಾರ. ಬಸರಿ ಇದ್ದಾಗ ಅದು ಉಬ್ಬಿರತೈತಿ. ಹಡಿಯೂ ಮುಂದ ಒಮ್ಮೆಲೆ ರಗತ ಹೋದ್ರ ಅದಕ್ಕ ರಗತ ಮುಟ್ಟಂಗಿಲ್ಲ, ಒಣಗಿ ಬಿಡತೈತಿ. ಹಾಲು ಬರೂದು, ಮುಟ್ಟ ಆಗೂದು, ಥೈರಾಯ್ಡ್ ನಡಿಯೂದು, ಮೈಗೆ ತ್ರಾಣ ಬರೂದು, ಎಲ್ಲಾ ಅದರ ಹುಕುಮಿನ ಮ್ಯಾಲೆ. ಹುಕುಮ ಕೊಡಾವ್ರ ಇಲ್ಲಂದ್ರ ಉಳದಾವು ಏನ್ ಮಾಡ್ಬೇಕು? ಮಲಗತಾವು."

ಅವತ್ತೇ ಸ್ಟಿರಾಯ್ಡ್ ಸೂಜಿ ಶುರುವಾಯಿತು. ಹುಬ್ಬಳ್ಳಿಗೆ ಕಳಿಸಿದ ರಕ್ತದ ಪರೀಕ್ಷೆ, ಆಮೇಲೆ ಅಲ್ಲೇ ಮಾಡಿಸಿದ ಸ್ಕ್ಯಾನ್, ಎರಡೂ ಅವರು ಹೇಳಿದ್ದನ್ನೇ ಹೇಳಿದವು. ಸೂಜಿ ಹೋಗಿ ಹೈಡ್ರೋಕಾರ್ಟಿಸೋನ್ ಗುಳಿಗಿ ಬಂತು. ಮೈ ಅದಕ್ಕೆ ಹೊಂದಿಕೊಂಡ ಮೇಲೆ, ಥೈರಾಕ್ಸಿನ್ ಸಣ್ಣ ಪ್ರಮಾಣದಿಂದ ಶುರುಮಾಡಿ ನಿಧಾನ ಏರಿಸಿದರು. ಥೈರಾಯ್ಡಿನದನ್ನು ಮೊದಲೇ ಕೊಟ್ಟರೆ ತ್ರಾಣವಿಲ್ಲದ ಮೈ ತಡೆಯಲಾರದು ಅಂತ ಅದನ್ನು ತಡವಾಗಿ ಕೊಟ್ಟಿದ್ದರು.

ಸೂಜಿಯ ಮರುದಿನವೇ ಅವ್ವ, "ನನಗ ಹಸಿವಾಗೇತಿ," ಅಂದಳು. ಆ ಮಾತನ್ನು ನಾನು ಅವಳ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಮಾವ ಹೊರಗಿಂದ ಇಡ್ಲಿ ತಂದ. ಅವಳು ಉಂಡಳು, ಮತ್ತೆ ಕೇಳಿದಳು.

ಉಳಿದದ್ದೆಲ್ಲ ನಿಧಾನವಾಗಿ ಬಂತು. ಬೇಸಿಗೆಯ ಒಂದು ದಿನ ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿ ಹಣೆ ಮುಟ್ಟಿಕೊಂಡಳು. "ಬೆವತೇನಿ ನೋಡ!" ಅಂತ ಒದ್ದೆ ಬೆರಳು ನನಗೆ ತೋರಿಸಿ ನಕ್ಕಳು. ಅವಳಿಗೆ ಅಷ್ಟು ದೊಡ್ಡ ನಗೆಯಿದೆ ಅಂತ ನನಗೆ ಗೊತ್ತಿರಲಿಲ್ಲ. ಅವಳ ದನಿ ಚುರುಕಾಯಿತು. ಕಾಯಿಪಲ್ಲೆಯವಳ ಜೋಡಿ ಕಟ್ಟೆಯ ಮೇಲೆ ನಿಂತು ಜಗಳಾಡಿದಳು. ಆಯಿ ಅಡಿಗೆಮನೆಯಿಂದ ಹೊರಗೆ ಬಂದು ನೋಡಿದಳು. ಅಂಗಡಿಗೆ ಹೊರಟಿದ್ದ ಅಪ್ಪ ಚಪ್ಪಲಿ ಮೆಟ್ಟಿದವನು ಹಾಗೇ ಬಾಗಿಲಲ್ಲಿ ನಿಂತ. ಆಮೇಲೆ ನನಗೆ ಮಾತ್ರ ಕೇಳುವಂತೆ, "ಮದಿವಿ ಆದಾಗ ಹಿಂಗ ಇದ್ಲು ನಿಮ್ಮವ್ವ," ಅಂದ. ಅವನ ಕಣ್ಣು ತುಂಬಿದ್ದವು.

ಅಪ್ಪನಿಗೆ ಕಳೆದದ್ದು ಸಿಕ್ಕಿತ್ತು. ನನಗೆ ಮಾತ್ರ ಗುರುತಿಲ್ಲದ ಹೆಂಗಸೊಬ್ಬಳು ಮನೆಗೆ ಬಂದಂತಾಗಿತ್ತು. ಸಂತೋಷವಿತ್ತು, ಖರೇ. ಆದರೂ ಮಧ್ಯಾಹ್ನ ಪಡಸಾಲೆಯ ಆ ಮೂಲೆ ಖಾಲಿ ಕಂಡಾಗ ಎದೆಯೊಳಗೆ ಏನೋ ತಪ್ಪಿದಂತಾಗುತ್ತಿತ್ತು. ಹೋಗಿ ಒಬ್ಬಳೇ ಮಲಗಿದರೆ, "ಏಳ, ಎಷ್ಟ ಮಲಗ್ತಿ!" ಅಂತ ಒಳಗಿಂದ ಅವ್ವನ ಕೂಗು.

ಒಮ್ಮೆ ಅವಳು ಗುಳಿಗಿ ಬಿಟ್ಟಳು. ಸ್ಟಿರಾಯ್ಡ್ ತಗೊಂಡರೆ ಮೈ ಬಾತುಕೊಳ್ಳುತ್ತದೆ, ಎಲುಬು ಸವೆಯುತ್ತದೆ ಅಂತ ನೆರೆಯವರು ಹೆದರಿಸಿದ್ದರು. ನನಗೆ ಹೇಳಿರಲಿಲ್ಲ. ಕೆಲವೇ ದಿನಗಳಲ್ಲಿ ಊಟ ಬೇಡ ಅಂದಳು, ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಅಂದಳು, ಮಾತು ಜಡವಾಯಿತು. ಬಾಲ್ಯವೆಲ್ಲ ಕೇಳಿ ಬೆಳೆದ ಆ ಮೆಲುದನಿ ಮರಳಿದ್ದೇ ನಾನು ಗುಳಿಗಿಯ ಡಬ್ಬಿ ತೆಗೆದು ನೋಡಿದೆ; ಗುಳಿಗಿ ಹಾಗೇ ಇದ್ದವು. ಅಪ್ಪನೂ ನಾನೂ ಕೂಡಲೇ ಅವಳನ್ನು ನರಗುಂದಕ್ಕೆ ಕರೆದೊಯ್ದೆವು. ಡಾಕ್ಟರಬಾಯಿ ಸಿಟ್ಟಾಗಲಿಲ್ಲ. "ಮಂದಿ ಹೇಳೂದು ಹೆಚ್ಚಿಗಿ ತಗೊಂಡವರ ಸುದ್ದಿರಿ. ನಿಮಗ ಮೈಯಾಗ ಇರಬೇಕಾದಷ್ಟನ್ನ ಹೊರಗಿಂದ ಕೊಡಾಕ್ಹತ್ತೀವಿ, ಅಷ್ಟ. ಇದನ್ನ ಒಂದಿನಾನೂ ಬಿಡೂಹಂಗಿಲ್ಲ. ಜ್ವರ ಬಂದ್ರ ಎರಡು ಪಟ್ಟು ತಗೋಬೇಕು. ವಾಂತಿ ಆದ್ರ ಲಗೂನ ಇಲ್ಲಿಗೆ ಬರ್ರಿ, ಸೂಜಿ ಮಾಡತೀವಿ."

ಅಲ್ಲಿಂದ ಬಂದ ಮೇಲೆ ಒಂದು ಮಧ್ಯಾಹ್ನ ಅವ್ವ ಕಡಲೆ ಸುಲಿಯುತ್ತ ಕೂತಿದ್ದಳು. ನಾನು ಕೇಳಿದೆ, "ಅವ್ವಾ, ನಾ ಸಣ್ಣಾಕಿ ಇದ್ದಾಗಿಂದು ನಿನಗ ನೆನಪೈತಿ?"

"ನೀರಾಗ ಮುಳುಗಿದಾಗ ದಂಡಿಮ್ಯಾಗಿನ ಮಂದಿ ಮಾತಾಡೂದು ಕೇಳತೈತಲ್ಲ, ಹಂಗ ಕೇಳಿದ್ದು ಅಷ್ಟ," ಅಂದಳು. ಆಮೇಲೆ ಕಡಲೆ ಬುಟ್ಟಿ ಬದಿಗೆ ಸರಿಸಿ, "ನೀ ಹೇಳ. ನೀ ಹ್ಯಾಂಗಿದ್ದಿ?" ಅಂದಳು.

ನಾನು ಹೇಳತೊಡಗಿದೆ. ಮೊದಲ ದಿನ ಸಾಲಿಯಲ್ಲಿ ಅತ್ತದ್ದು, ಆಯಿಯ ಹಲ್ಲಿನ ಸೆಟ್ಟು ಬಚ್ಚಿಟ್ಟದ್ದು, ಕಾಲಕಾಲೇಶ್ವರದ ಮೆಟ್ಟಿಲಲ್ಲಿ ಕೋತಿ ನನ್ನ ಕೈಯ ಬಾಳೆಹಣ್ಣು ಕಸಿದು ಓಡಿದ್ದು. ಅವಳು ಕತೆ ಕೇಳುವ ಮಗುವಿನಂತೆ ಕೇಳಿದಳು, ಕಣ್ಣು ಮುಚ್ಚದೆ. "ಅಳ್ತಿದ್ದಿ ಏನು? ಯಾರು ಸಮಾಧಾನ ಮಾಡಿದ್ರು?" ಅಂತ ನಡುವೆ ಕೇಳುತ್ತಿದ್ದಳು. ಆ ವರ್ಷ ಎಷ್ಟೋ ಮಧ್ಯಾಹ್ನ ಹಾಗೇ ಕೂತೆವು.

ಈಗ ನಾನು ರೋಣದಲ್ಲಿ ಸಂಸಾರ ಮಾಡಿಕೊಂಡಿದ್ದೇನೆ. ಅವ್ವ ಬಂದಾಗಲೆಲ್ಲ ನನ್ನ ಮಗಳನ್ನು ಮಗ್ಗುಲಲ್ಲಿ ಕೂರಿಸಿಕೊಂಡು, "ನಿಮ್ಮವ್ವ ಸಣ್ಣಾಕಿ ಇದ್ದಾಗ ಏನಾತಂದ್ರ..." ಅಂತ ಆ ಕೋತಿಯ ಸುದ್ದಿ ಹೇಳುತ್ತಾಳೆ. ಕಣ್ಣಾರೆ ಕಂಡವಳ ಹಾಗೆ ಹೇಳುತ್ತಾಳೆ. ನಾನು ಆಗ ಹಸಿರು ಲಂಗ ತೊಟ್ಟಿದ್ದೆನಂತೆ, ಓಡಿ ಬಂದು ಅವಳ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆನಂತೆ. ಇದನ್ನೆಲ್ಲ ನಾನು ಅವಳಿಗೆ ಹೇಳಿಯೇ ಇರಲಿಲ್ಲ. ತಿದ್ದಲು ಹೋಗುವುದಿಲ್ಲ. ಕೇಳುತ್ತ ಕೇಳುತ್ತ ಅವಳು ಅಲ್ಲೇ ಇದ್ದಳು ಅಂತ ನನಗೂ ಅನಿಸತೊಡಗಿದೆ.