ಬೋರ್‌ವೆಲ್ ಮೋಟಾರ್ ಕಟ್ಟುವವನ ಕೈಗೆ ನನ್ನ ಕಾರು

ನನ್ನ ಗೆಳೆಯನಿಗೆ ಯಾವುದನ್ನೂ ಇದ್ದ ಹಾಗೆ ಬಿಡುವ ಅಭ್ಯಾಸವೇ ಇಲ್ಲ. ಶ್ರೀನಿವಾಸಪುರದಲ್ಲಿ ಬೋರ್‌ವೆಲ್ ಮೋಟಾರ್‌ಗಳಿಗೆ ತಂತಿ ಸುತ್ತಿ ವೈಂಡಿಂಗ್ ಮಾಡುವವನು ಅವನು. ನಮ್ಮಿಬ್ಬರಿಗೂ ಒಂದೇ ಹುಚ್ಚು: ಹಳೆಯ ರಿಮೋಟ್ ಕಾರಿನ ಕಿಟ್‌ಗಳನ್ನು ಹುಡುಕಿ ತಂದು, ಬಿಚ್ಚಿ, ಮತ್ತೆ ಜೋಡಿಸಿ ಓಡಿಸುವುದು. ನಾನು ಕಾರು ಹೇಗಿತ್ತೋ ಹಾಗೆ ಮಾಡಲು ನೋಡುತ್ತೇನೆ, ಅವನು ಹೇಗಿರಲಿಲ್ಲವೋ ಹಾಗೆ ಮಾಡುತ್ತಾನೆ.

ನನ್ನ ಕೆಂಪು ಕಾರು ನಾವು ಹೈಸ್ಕೂಲಿನಲ್ಲಿದ್ದ ಕಾಲದ್ದು. ಅದರ ದೊಡ್ಡ ಗೇರು ಪ್ಲಾಸ್ಟಿಕ್ಕಿನದು, ಈಗ ಎಲ್ಲೂ ಸಿಗುವುದಿಲ್ಲ. ಎರಡು ವರ್ಷ ಕಾದು ಹೇಗೋ ಒಂದನ್ನು ತರಿಸಿ ಹಾಕಿದ್ದೆ. "ಬ್ಯಾಟರಿ ವೈರು ಮಾತ್ರ ಬದಲಾಯಿಸು, ಮೋಟಾರ್ ಮುಟ್ಟಬೇಡ" ಎಂದು ಮೂರು ಸಲ ಹೇಳಿ, ಕಾರನ್ನು ಅವನ ಅಂಗಡಿಯಲ್ಲಿ ಬಿಟ್ಟು ಕೋಲಾರಕ್ಕೆ ಬಂದೆ. ಮುಟ್ಟಬೇಡ ಎಂದದ್ದೇ ತಪ್ಪಾಯಿತೇನೋ.

ಭಾನುವಾರ ಯಲ್ದೂರಿನಲ್ಲಿ ಅವನ ಮಾವನ ರಾಗಿ ಕಣದಲ್ಲಿ ಸೇರಿದೆವು. ಸಗಣಿ ಸಾರಿಸಿ ಒಣಗಿದ ಕಣಕ್ಕಿಂತ ಒಳ್ಳೆಯ ಟ್ರ್ಯಾಕ್ ನಮಗೆಲ್ಲೂ ಸಿಕ್ಕಿಲ್ಲ. ಕಾರನ್ನು ಕೆಳಗಿಟ್ಟು ರಿಮೋಟ್ ಕೊಡುವಾಗ ಅವನ ಮುಖದಲ್ಲಿದ್ದ ನಗು ನೋಡಿಯೇ ನನಗೆ ಅನುಮಾನ ಬಂತು.

"ಮೋಟಾರ್ ಮುಟ್ಟಿದ್ಯೇನೋ?"

"ಬಿಚ್ಚಿ ಹೊಸದಾಗಿ ಸುತ್ತಿದೀನಿ ಕಣೋ. ದಪ್ಪ ತಂತಿ, ಕಮ್ಮಿ ಸುತ್ತು, ಈಗ ಡಬಲ್ ಸ್ಪೀಡು. ಸಾವಿರ ಅಡಿಯಿಂದ ನೀರೆತ್ತೋ ಮೋಟಾರ್ ಕಟ್ಟೋನ್ಗೆ ಇದ್ಯಾವ ಲೆಕ್ಕ ಲೇ? ಒತ್ತಿ ನೋಡು, ಚೂಡ್ರಾ!"

ಮೈಯೆಲ್ಲ ಉರಿದುಹೋಯಿತು. ಆದರೂ ಕಣಕ್ಕೆ ಒಂದೇ ಸುತ್ತು ಓಡಿಸೋಣ ಎಂದುಕೊಂಡು ಒತ್ತಿದೆ. ಕಾರು ಚಿಮ್ಮಿತು. ಕಣದ ಆ ತುದಿಯಲ್ಲಿ ತಿರುಗುವಷ್ಟರಲ್ಲಿ ಒಳಗಿಂದ ಕರಕರ ಸದ್ದು ಶುರುವಾಯಿತು. ಇನ್ನೂ ಅರ್ಧ ಸುತ್ತು ಓಡಿ ಗಪ್ಪೆಂದು ನಿಂತಿತು. ಬಿಚ್ಚಿ ನೋಡಿದರೆ ಗೇರಿನ ಹಲ್ಲುಗಳೆಲ್ಲ ಪುಡಿಪುಡಿ.

ಬಾಯಿಗೆ ಬಂದ ಹಾಗೆ ಬೈದೆ. ಅವನು ತಲೆ ತಗ್ಗಿಸಿ ಆ ಪುಡಿಯನ್ನು ಅಂಗೈಗೆ ಉದುರಿಸಿಕೊಳ್ಳುತ್ತ, "ತಪ್ಪಾಯ್ತು ಬಿಡೋ. ಮುಳಬಾಗಿಲಲ್ಲಿ ಲೇತ್ ಅಂಗಡಿಗೆ ಕೊಟ್ಟು ಹಿತ್ತಾಳೇದು ಮಾಡಿಸಿಕೊಡ್ತೀನಿ" ಎಂದ. ಹಿತ್ತಾಳೆಯಂತೆ! ಇಷ್ಟಾದ ಮೇಲೂ ಇದ್ದದ್ದನ್ನು ಇದ್ದ ಹಾಗೆ ಮಾಡುವ ಮಾತಿಲ್ಲ. ಅವನ ಅತ್ತೆ ಊಟಕ್ಕೆ ಕರೆಯುತ್ತಿದ್ದರೂ ನಿಲ್ಲದೆ, ಕಾರನ್ನು ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿದೆ.

ಕೋಲಾರ ಬರುವವರೆಗೂ ಮನಸ್ಸಿನಲ್ಲೇ ಅವನಿಗೆ ಮಂಗಳಾರತಿ ಮಾಡುತ್ತಿದ್ದೆ. ಅವನಿಗೆ ಇವತ್ತಿಗೂ ಹೇಳದ ಮಾತೊಂದಿದೆ. ಕರಕರ ಸದ್ದು ಕೇಳಿದ ಕೂಡಲೇ ಬೆರಳು ತೆಗೆದಿದ್ದರೆ ಗೇರು ಉಳಿಯುತ್ತಿತ್ತು. ಸದ್ದು ನನಗೆ ಚೆನ್ನಾಗಿಯೇ ಕೇಳಿಸಿತ್ತು. ನನ್ನ ಕಾರು ಅಷ್ಟು ಜೋರಾಗಿ ಓಡಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ, ಬೆರಳು ತೆಗೆಯಲು ಮನಸ್ಸಾಗಲಿಲ್ಲ.