ಕಾಮಠಿಯ ಡೀಸೆಲ್ ಜೀಪು

ಎಂಬತ್ತರ ದಶಕದಲ್ಲಿ ನಾಗಪುರದಲ್ಲಿದ್ದಾಗ, ಮ್ಯಾಂಗನೀಸ್ ಗಣಿಗಳ ಪಂಪು ರಿಪೇರಿಗೆ ಓಡಾಡಲು ನನಗೊಂದು ಫೋರ್‌ವೀಲ್ ಡ್ರೈವ್ ಬೇಕೇ ಬೇಕಾಗಿತ್ತು. ಮಳೆಗಾಲದ ಕೆಸರಿನಲ್ಲಿ ಬೇರೆ ಗಾಡಿ ಗಣಿ ಮುಟ್ಟುತ್ತಿರಲಿಲ್ಲ. ಮುಟ್ಟದಿದ್ದರೆ ಕೆಲಸ ಬೇರೆಯವರ ಪಾಲಾಗುತ್ತಿತ್ತು. ಕಾಮಠಿಯ ನಿವೃತ್ತ ಸುಬೇದಾರರೊಬ್ಬರು ತಮ್ಮ ಡೀಸೆಲ್ ಜೀಪು ಮಾರುತ್ತಾರೆಂದು ತಿಳಿದು, ಹೆಂಡತಿ ಸುಮಾಳನ್ನೂ ಕರೆದುಕೊಂಡು ಹೋದೆ.

ಎಂಜಿನ್ನಿನ ಎಳೆತ, ಹೆದ್ದಾರಿಯ ಓಟ ಎರಡನ್ನೂ ನೋಡಿಯೇ ಕೊಳ್ಳಬೇಕೆಂಬುದು ನನ್ನ ಹಟ. ಸುಬೇದಾರರನ್ನು ಪಕ್ಕದಲ್ಲಿ, ಸುಮಾಳನ್ನು ಹಿಂದೆ ಕೂರಿಸಿಕೊಂಡು ಜಬಲ್ಪುರ ರಸ್ತೆಗಿಳಿದೆ. ಜೀಪು ಗಡಗಡ ಸದ್ದು ಮಾಡುತ್ತಲೇ ಲಾರಿಗಳನ್ನು ಹಿಂದೆ ಹಾಕಿತು. ಆದರೆ ರಾಮಟೇಕದ ಏರಿನಲ್ಲಿ ನಾನು ಗೇರು ತಪ್ಪಿಸಿದೆ. ಗೇರ್‌ಬಾಕ್ಸು ಕರಕರ ಕಿರುಚಿತು.

"ರೋಕೋ, ನಿಲ್ಲಿಸಿ!" ಎಂದು ಸುಬೇದಾರರು ಎದೆ ಹಿಡಿದುಕೊಂಡರು. "ಸಾಹೇಬ, ನಿಮಗೆ ನನ್ನ ಗಾಡಿ ಕೊಡುವುದಿಲ್ಲ."

ನಾನು ಗಾಡಿಯನ್ನು ಪರೀಕ್ಷಿಸುತ್ತಿದ್ದರೆ ಅವರು ನನ್ನನ್ನು ಪರೀಕ್ಷಿಸುತ್ತಿದ್ದರು! ಜೀಪನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿದೆ.

"ನಾ ಒಮ್ಮೆ ನೋಡ್ಲೇನ್ರಿ?" ಎಂದಳು ಹಿಂದಿನಿಂದ ಸುಮಾ.

ಅವಳಪ್ಪ ಬೆಳಗಾವಿಯಲ್ಲಿ ಮಿಲಿಟರಿ ಲಾರಿ ಓಡಿಸುತ್ತಿದ್ದವರು. ಮಗಳಿಗೆ ಕಲಿಸಿದ್ದೇನೆಂದು ಹೇಳಿದ್ದರು, ನಾನು ಕಣ್ಣಾರೆ ಕಂಡಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಕೂತವಳು ಒಂದು ಸಲವೂ ಗೇರು ಕಿರುಚದಂತೆ ಏರು ಹತ್ತಿಸಿ, ಗುಡ್ಡದ ಮೇಲೆ ನಿಲ್ಲಿಸಿ ನಕ್ಕಳು.

ಸುಬೇದಾರರು ಇಳಿದು ಬಾನೆಟ್ಟಿನ ಮೇಲೆ ಸ್ವಲ್ಪ ಹೊತ್ತು ಕೈಯಿಟ್ಟುಕೊಂಡು ನಿಂತರು. ಆಮೇಲೆ ಮೆತ್ತಗೆ, "ಬೇಟಿ, ಗಾಡಿ ನಿನ್ನದು. ಸಾಹೇಬರನ್ನು ಪಕ್ಕದಲ್ಲಿ ಕೂರಿಸಿಕೋ" ಎಂದರು.

ಹಾಗೇ ಬಹಳ ವರ್ಷ ಸುತ್ತಿದೆವು. ಎಂಥ ಚಂದದ ದಿನಗಳವು! ಗಣಿಯವರು ಮಾತ್ರ ಕಡೆಯವರೆಗೂ ನನ್ನನ್ನು "ಮೇಡಮ್ಮನ ಮೆಕ್ಯಾನಿಕ್" ಎಂದೇ ಕರೆದರು.