ಎರಡನೇ ಕಂಪ್ರೆಸರ್‌ನಲ್ಲಿ ತೆಂಗಿನಕಾಯಿ

ನಾನು ಸಂಗೀತ ಓದುತ್ತಿದ್ದೇನೆ ಎಂದು ಅಮ್ಮ ಬಾಗಲಗುಂಟೆಯ ನಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು. ಹಾಗಾಗಿ ಗಣೇಶನನ್ನು ಕೂರಿಸಿದಾಗಲೆಲ್ಲ ಯಾರಾದರೂ ನನ್ನ ಕೈಗೆ ಮೈಕು ತುರುಕುತ್ತಿದ್ದರು. ನಮ್ಮ ಕಾಲೇಜಿನಲ್ಲಿ ಹಾಡುವುದಿಲ್ಲ ಎಂದರೆ ನಂಬುವವರಿಲ್ಲ.

"ಮತ್ತೆ ಅಲ್ಲಿ ಏನಮ್ಮಾ ಮಾಡ್ತೀರಾ?" ಎಂದು ಎದುರುಮನೆಯಾಕೆ ಕೇಳಿದರು.

"ಕೇಳಿಸ್ಕೋತೀವಿ ಆಂಟಿ."

ಆಕೆ ಅಮ್ಮನ ಕಡೆ ಮರುಕದಿಂದ ನೋಡಿದರು.

ಆಕೆಯದು ತಪ್ಪಲ್ಲ. ಮೂರು ಬಸ್ಸು ಬದಲಾಯಿಸಿ ಸರ್ಜಾಪುರದಾಚೆಯ, ಸದ್ದುಗಳಿಂದಲೇ ಕೃತಿ ಕಟ್ಟಲು ಕಲಿಸುವ ಕಲಾಶಾಲೆ ತಲುಪಿ, ಮೊದಲ ವಾರವಿಡೀ ನಾವು ಕೇಳಿದ್ದು ಸೀಲಿಂಗ್ ಫ್ಯಾನನ್ನು. ನನ್ನ ಸಹಪಾಠಿಯೊಬ್ಬ ಹಾಲು ಹೆಪ್ಪಾಗುವ ಸದ್ದನ್ನು ಎಂಟು ಗಂಟೆ ರೆಕಾರ್ಡ್ ಮಾಡಿ ತಂದ. ಮೇಷ್ಟ್ರು ಕಣ್ಣು ಮುಚ್ಚಿ ಇಪ್ಪತ್ತು ನಿಮಿಷ ಕೇಳಿ, "ತುಂಬಾ ಧೈರ್ಯದ ಕೆಲಸ" ಎಂದರು. ನನಗೆ ಹೊಟ್ಟೆ ಉರಿಯಿತು. ಮೊಸರಿನ ಮೇಲೆ ಹೊಟ್ಟೆಕಿಚ್ಚು ಪಡುವ ಮಟ್ಟಕ್ಕೆ ನಾನು ತಲುಪಿದ್ದೆ. ನಾನು ತಂದ ಬಸ್ಸಿನ ಸದ್ದಿಗೆ ಅವರು ಹೇಳಿದ್ದು ಒಂದೇ ಮಾತು: "ಇದು ಸ್ವಲ್ಪ ಇಂಪಾಗಿದೆ." ಆ ವರ್ಷ ಫೇಲಾದೆ.

ಅಪ್ಪ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಫಿಟ್ಟರ್. ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಓಡುತ್ತಿರುವ ಯಂತ್ರದ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಒಳಗೆ ಯಾವ ಬೇರಿಂಗ್ ಸವೆದಿದೆ ಎಂದು ಹೇಳಿಬಿಡುತ್ತಿದ್ದರು. ಅವರು ಹೇಳುವವರೆಗೆ ಅಲ್ಲಿ ಯಾರೂ ಯಂತ್ರ ಬಿಚ್ಚುತ್ತಿರಲಿಲ್ಲ.

"ಕೇಳೋದು ಕಲಿಯೋಕೆ ಕಾಲೇಜ್ ಯಾಕೆ? ನಂಗ್ಯಾರು ಕಲಿಸಿದ್ರು?" ಎನ್ನುತ್ತಿದ್ದರು. ಈ ಸಲವೂ ಫೇಲಾದರೆ ಕಾಲೇಜು ಬಿಟ್ಟು ಟೂಲ್ ರೂಮ್ ತರಬೇತಿಗೆ ಸೇರಬೇಕು ಎಂದು ಖಡಾಖಂಡಿತವಾಗಿ ಹೇಳಿದ್ದರು. ನನಗೆ ಅಳು ಬಂದಿತ್ತು. ಆ ವಿಚಿತ್ರ ಕಾಲೇಜನ್ನು ನಾನು ನಿಜಕ್ಕೂ ಪ್ರೀತಿಸುತ್ತಿದ್ದೆ.

ಹಾಗಾಗಿ ಮರುವರ್ಷದ ಪರೀಕ್ಷೆಗೆ ಅಪ್ಪನ ಕಾರ್ಖಾನೆಯನ್ನೇ ಆರಿಸಿಕೊಂಡೆ. ಅಲ್ಲಿನ ಎರಡನೇ ಕಂಪ್ರೆಸರ್‌ನ ಸದ್ದು ಹಿಡಿದು ತಂದು ಹತ್ತು ನಿಮಿಷದ ಕೃತಿ ಮಾಡಿದೆ. ಮೇಷ್ಟ್ರು ಕೇಳಿ, "ಎಲ್ಲಾ ತುಂಬಾ ಆರೋಗ್ಯವಾಗಿದೆ, ಇದಕ್ಕೊಂದು ಗಾಯ ಬೇಕು" ಎಂದರು. ಮನೆಗೆ ಬಂದಾಗ ಅಮ್ಮ ಚಟ್ನಿಗೆ ಕಾಯಿ ತುರಿಯುತ್ತಿದ್ದರು. ಆ ಕರಕರವನ್ನು ಹಿಡಿದು, ಕಂಪ್ಯೂಟರ್‌ನಲ್ಲಿ ನಾಲ್ಕು ಪಟ್ಟು ನಿಧಾನ ಮಾಡಿ, ನಾಲ್ಕನೇ ನಿಮಿಷದಲ್ಲಿ ಕಂಪ್ರೆಸರ್‌ನ ಒಳಗೆ ಸೇರಿಸಿದೆ. ಗಾಯ ಚೆನ್ನಾಗಿ ಕೂತಿತು.

ಪರೀಕ್ಷೆಯ ದಿನ ಮನೆಯವರೂ ಬರಬಹುದಿತ್ತು. ಅಪ್ಪ ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದು, ಕೊನೆಯ ಸಾಲಿನಲ್ಲಿ ಕುಳಿತರು. ಮುಂದೆ ಮೂವರು ಪರೀಕ್ಷಕರು. ನನ್ನ ಕೃತಿ ಹಾಕಿದೆ. ನಾಲ್ಕನೇ ನಿಮಿಷಕ್ಕೆ ಅಪ್ಪ ಎದ್ದರು. ನೇರ ಸ್ಪೀಕರ್ ಹತ್ತಿರ ಹೋಗಿ, ಕೆಲಸದ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು, ತುದಿಯನ್ನು ಸ್ಪೀಕರ್ ಪೆಟ್ಟಿಗೆಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡರು. ಪರೀಕ್ಷಕರು ಪೆನ್ನು ಕೆಳಗಿಟ್ಟು ನೋಡುತ್ತಿದ್ದರು. ಅಪ್ಪ ಜೇಬಿನಿಂದ ಮೊಬೈಲ್ ತೆಗೆದು ಕೂಗಿದರು: "ಎರಡನೇ ಕಂಪ್ರೆಸರ್ ಆಫ್ ಮಾಡ್ರೋ! ಬೇರಿಂಗ್ ಹೋಗ್ಬಿಟ್ಟಿದೆ. ಬಿಚ್ರೋ, ನಾನ್ ಬರ್ತೀನಿ!"

ಆಮೇಲೆ ನನ್ನ ಕಡೆ ತಿರುಗಿಯೂ ನೋಡದೆ ಹೊರಟುಹೋದರು.

ಪರೀಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದು ಬೇರಿಂಗ್ ಅಲ್ಲ, ತೆಂಗಿನಕಾಯಿ ಎಂದು ನಾನು ಆಗಲೇ ಅಪ್ಪನ ಹಿಂದೆ ಓಡಿಹೋಗಿ ಹೇಳಬೇಕಿತ್ತು. "ಆ ಕಲಾವಿದರನ್ನ ಎಲ್ಲಿಂದ ಕರೆಸಿದ್ರಿ?" ಎಂದು ಒಬ್ಬರು ಕೇಳಿದರು. "ಪೀಣ್ಯದಿಂದ" ಎಂದೆ. ಪಾಸಾದೆ. ಬಾಯಿಗೆ ಬೀಗ ಹಾಕಿಕೊಂಡು ಮಾರ್ಕ್ಸ್ ತೆಗೆದುಕೊಂಡೆ.

ಕಾರ್ಖಾನೆಯಲ್ಲಿ ಕಂಪ್ರೆಸರ್ ಬಿಚ್ಚಿ ನೋಡಿದರೆ ಬೇರಿಂಗ್ ಹೊಸದರಂತೆ ಹೊಳೆಯುತ್ತಿತ್ತು. ಒಂದು ಶಿಫ್ಟ್ ಪೂರ್ತಿ ಕೆಲಸ ನಿಂತಿತ್ತು. "ವಯಸ್ಸಾಯ್ತು ಯಜಮಾನ್ರೇ, ಕಿವಿ ಡಾಕ್ಟರಿಗೆ ತೋರಿಸ್ಕೊಳ್ಳಿ" ಎಂದು ಸೂಪರ್‌ವೈಸರ್ ಎಲ್ಲರೆದುರು ಹೇಳಿದನಂತೆ. ಅಪ್ಪ ಇದನ್ನು ಅಮ್ಮನಿಗೆ ಹೇಳಿದ್ದು ನನಗೆ ಕೇಳಿಸಿತು. ಮರುದಿನದಿಂದ ಸ್ಕ್ರೂಡ್ರೈವರ್ ಮನೆಯ ಟಿವಿ ಮೇಲೆಯೇ ಇತ್ತು. ಯಾರಾದರೂ ಮಾತಾಡಿದರೆ ಅಪ್ಪ ಎರಡೆರಡು ಸಲ ಕೇಳತೊಡಗಿದರು, ತಮ್ಮ ಕಿವಿಯನ್ನು ತಾವೇ ನಂಬದವರ ಹಾಗೆ.

ಭಾನುವಾರ ಹೇಳಿಬಿಟ್ಟೆ. ಕಾಯಿ ತುರಿದದ್ದು, ನಿಧಾನ ಮಾಡಿದ್ದು, ಗೊತ್ತಿದ್ದೂ ಸುಮ್ಮನಿದ್ದದ್ದು, ಎಲ್ಲ. ಟೂಲ್ ರೂಮ್ ಗ್ಯಾರಂಟಿ ಎಂದುಕೊಂಡೆ.

"ಇನ್ನೊಂದ್ಸಲ ಹಾಕು" ಎಂದರು. ಹಾಕಿದೆ. ಮತ್ತೆ ಹಾಕಿಸಿದರು. ನಾಲ್ಕನೇ ಸಲ ಕೇಳಿ, "ನಾಳೆ ಇದನ್ನ ತಗೊಂಡು ಟೀ ಟೈಮಿಗೆ ಬಾ" ಎಂದರು.

ಸೋಮವಾರ ನಾನು ಲ್ಯಾಪ್‌ಟಾಪು, ಕಾಲೇಜಿನ ಸ್ಪೀಕರ್ ಹೊತ್ತು ಪೀಣ್ಯಕ್ಕೆ ಹೋದೆ. ಅಪ್ಪ ಕಂಪ್ರೆಸರ್ ಕೋಣೆಯ ಬಾಗಿಲ ಹಿಂದೆ ಸ್ಪೀಕರ್ ಇಡಿಸಿ, ಹೊರಗೆ ಟೀ ಹಿಡಿದು ನಿಂತರು. ಹಾಕಿದೆ. ತೆಂಗಿನಕಾಯಿ ಶುರುವಾಗಿ ಅರ್ಧ ನಿಮಿಷವಾಗಿರಲಿಲ್ಲ, ಸೂಪರ್‌ವೈಸರ್ ಬಾಯಲ್ಲಿನ ಬನ್ನು ಉಗುಳಿ ಓಡಿಬಂದ. "ಆಫ್ ಮಾಡ್ರೋ! ಬೇರಿಂಗ್ ಹೋಯ್ತು!" ಎಂದು ಕಿರುಚಿ ತಾನೇ ಸ್ವಿಚ್ ಎಳೆದ. ಕಂಪ್ರೆಸರ್ ನಿಂತಿತು. ತೆಂಗಿನಕಾಯಿ ನಿಲ್ಲಲಿಲ್ಲ. ಬಾಗಿಲ ಹಿಂದೆ ಅದು ಕರಕರ ಎನ್ನುತ್ತಲೇ ಇತ್ತು. ಆತ ನಿಂತ ಯಂತ್ರವನ್ನು ನೋಡಿದ, ನನ್ನನ್ನು ನೋಡಿದ, ಸ್ವಿಚ್ಚನ್ನು ಇನ್ನೊಮ್ಮೆ ಎಳೆದ.

ಅಪ್ಪ ಟೀ ಮುಗಿಸಿ ಲೋಟ ಕೆಳಗಿಟ್ಟರು. "ಕಿವಿ ಡಾಕ್ಟರ್ ಹತ್ರ ಇಬ್ರೂ ಒಟ್ಟಿಗೆ ಹೋಗೋಣ ಬನ್ನಿ ಸಾರ್" ಎಂದರು. ಇಡೀ ಶೆಡ್ಡು ನಕ್ಕಿತು.

ವಾಪಸ್ ಹೊರಟಾಗ ಗೇಟಿನವರೆಗೂ ಸ್ಪೀಕರ್ ಅವರೇ ಹೊತ್ತುಕೊಂಡು ಬಂದರು. "ಬೇರಿಂಗ್ ಹೋದ್ರೆ ಹಂಗೇ ಕೇಳುತ್ತೆ, ಸುಳ್ಳಲ್ಲ" ಎಂದರು. ಅದನ್ನು ನನ್ನ ಕೈಗೆ ಕೊಡುತ್ತಾ, "ಗೇರಿನ ಹಲ್ಲು ಮುರಿದ ಸದ್ದು ಮಾಡೋಕೆ ಬರುತ್ತಾ?"

"ಇನ್ನೂ ಇಲ್ಲಪ್ಪ."

"ಕಲ್ಕೋ. ಹೇಗೂ ಇನ್ನೂ ಎರಡು ವರ್ಷ ಕಾಲೇಜು ಇದೆಯಲ್ಲ."